ಅಪ್ಪ ಇರುವವನು ತಲೆ ಮುಟ್ಟುವುದಿಲ್ಲ

ಬೇರೆ ಸೈನ್ಯಗಳಲ್ಲಿ ತಲೆ ಅಂದರೆ ಮುಂದಾಳು ಅಂತೆ. ನಮ್ಮಲ್ಲಿ ತಲೆ ಅಂದರೆ ಸಾಯುವವನು. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ನಡುವೆ ಬಾಯಿ ಹಾಕಿ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನಾನು ಎದ್ದು ಹೋಗುವವಳು.

ಕಜಾನ್ ಅಂದರೆ ಬಾಡು ಬೇಯಿಸುವ ದೊಡ್ಡ ಕಡಾಯಿ. ಒಂದೇ ಕಡಾಯಿಯಲ್ಲಿ ಉಣ್ಣುವ ಆರು ಜನರ ತುಕಡಿಗೂ ನಮ್ಮಲ್ಲಿ ಅದೇ ಹೆಸರು. ಕುರಿ ಕೊಯ್ದಾಗ ಯಾರಿಗೆ ಯಾವ ಮೂಳೆ ಸೇರಬೇಕು ಎಂದು ಅಜ್ಜಂದಿರು ಗೊತ್ತುಮಾಡಿ ಹೋಗಿದ್ದಾರಲ್ಲ, ರಾಜಧಾನಿಯವರು ಅದನ್ನೇ ಎತ್ತಿಕೊಂಡು ಸೈನ್ಯ ಕಟ್ಟಿದರು. ಸೊಂಟದ ಮೂಳೆ ನಾಯಕನಿಗೆ. ಕಾಲಿನ ಎರಡು ಮೂಳೆ ದೊಡ್ಡ ಬಂದೂಕು ಹೊರುವ ಇಬ್ಬರಿಗೆ. ಎದೆಯ ಭಾಗ ಮಾತಿನ ಪೆಟ್ಟಿಗೆಯವನಿಗೆ, ಅಂದರೆ ರಾಜಧಾನಿಯ ಜೊತೆ ಮಾತಾಡುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವವನಿಗೆ. ಬೆನ್ನುಮೂಳೆ ಅಡುಗೆ, ಔಷಧ, ಹೊರೆ ಎಲ್ಲವನ್ನೂ ನೋಡಿಕೊಳ್ಳುವ ಕತ್ತೆಗೆ. ಆ ಕತ್ತೆ ನಾನು, ಜಿಲಿಖಾ. ಉಳಿದ ತಲೆ ಆರನೆಯವನಿಗೆ.

ತಲೆ ಯಾಕೆ ಬೇಕು ಅಂದರೆ ಕಾಗೆಗಳ ದೆಸೆಯಿಂದ. ಕಣಿವೆಯ ಆಚೆಯವರು ಹಾರಿಸುವ ಕೊಲ್ಲುವ ಯಂತ್ರಗಳಿಗೆ ನಾವು ಕಾಗೆ ಅನ್ನುತ್ತೇವೆ. ಅವಕ್ಕೆ ಕಣ್ಣಿಲ್ಲ. ಮೈಯ ಬಿಸಿ ಹುಡುಕುತ್ತವೆ, ಆ ಬಿಸಿಯೊಳಗೆ ಎದೆಬಡಿತ ಹುಡುಕುತ್ತವೆ. ನಮಗೆ ಕೊಟ್ಟಿರುವ ತಣ್ಣನೆಯ ಕೋಟು ಎರಡನ್ನೂ ಮುಚ್ಚುತ್ತದೆ ನಿಜ, ಆದರೆ ಕಾಗೆಗಳು ನೆತ್ತಿಯ ಮೇಲೆಯೇ ಸುತ್ತುತ್ತಿದ್ದರೆ ಕಾಲಿಗೆ ಸಿಕ್ಕಿ ಉರುಳಿದ ಒಂದು ಕಲ್ಲು ಸಾಕು, ಕಥೆ ಮುಗಿಯಿತು. ಅದಕ್ಕೇ ಅವನ್ನು ಬೇರೆ ಕಡೆ ಎಳೆಯಬೇಕು. ಒಬ್ಬ ಕೋಟು ಬಿಚ್ಚಿ ಪಕ್ಕದ ಕೊರಕಲಿಗೆ ಇಳಿಯುತ್ತಾನೆ. ಕಾಗೆಗಳೆಲ್ಲ ಅವನ ಮೇಲೆ ಎರಗುತ್ತವೆ. ಅಷ್ಟರಲ್ಲಿ ಉಳಿದವರು ಕಣಿವೆ ದಾಟುತ್ತಾರೆ. ಕೆಂಡದ ಒಲೆ ಇಟ್ಟು ನೋಡಿದ್ದಾಯಿತು, ಕುದುರೆ ಅಟ್ಟಿ ನೋಡಿದ್ದಾಯಿತು. ಕಾಗೆ ಮೋಸ ಹೋಗುವುದಿಲ್ಲ. ಅದಕ್ಕೆ ಮನುಷ್ಯನ ಎದೆಯೇ ಬೇಕು, ಅದೂ ಹೆದರಿದ ಎದೆ. ಹೆದರದೆ ಬಡಿಯುವ ಎದೆಯನ್ನು ಅದು ಕುರಿಯೋ ಕತ್ತೆಯೋ ಎಂದುಕೊಂಡು ಬಿಟ್ಟುಬಿಡುತ್ತದೆ. ಸಾಯಲು ಹೊರಟವನ ಎದೆ ಹೆದರದೆ ಇರುವುದುಂಟೆ? ಆ ಚಿಂತೆ ನಮಗೆ ಯಾವತ್ತೂ ಬಂದಿರಲಿಲ್ಲ.

ಮೊದಮೊದಲು ರಾಜಧಾನಿಯಿಂದ ಹುಕುಂ ಬರುತ್ತಿತ್ತು, ಇಂಥವನು ಕೋಟು ಬಿಚ್ಚಲಿ ಎಂದು. ಇಂಥವನು ಓಡಿಹೋಗುತ್ತಿದ್ದ, ಇಲ್ಲವೇ ನಾಯಕನಿಗೇ ಗುಂಡು ಹೊಡೆದು ಓಡಿಹೋಗುತ್ತಿದ್ದ. ಆಮೇಲೆ ಅಲ್ಲಿ ಯಾವನೋ ಒಬ್ಬ ಬುದ್ಧಿವಂತ, ಪರದೇಶಿಯಲ್ಲ, ನಮ್ಮ ಹಾಗೆಯೇ ಕುರಿಬಾಡು ತಿಂದು ಬೆಳೆದವನು, ಅವನ ನಾಲಿಗೆಗೆ ಹುಳ ಬೀಳಲಿ, ದಸ್ತರ್ಖಾನ್ ನೆನಪಿಸಿಕೊಂಡ. ದಸ್ತರ್ಖಾನ್ ಅಂದರೆ ಊಟದ ಹಾಸುಬಟ್ಟೆ; ಅದನ್ನು ಹಾಸಿ ಸುತ್ತ ಕೂತಾಗ ಮುಂದೆ ತಂದಿಟ್ಟ ತಲೆಯನ್ನು ನಮ್ಮ ಜನ ಬೇಡ ಅನ್ನುವುದಿಲ್ಲ. ಬೇಡ ಅಂದವನ ಮನೆಗೆ ಹೆಣ್ಣು ಕೊಡುವವರಿಲ್ಲ, ಅವನ ಹೆಣ ಎತ್ತುವವರಿಲ್ಲ. ಗುಂಡಿಗೆ ಹೆದರುವುದಕ್ಕಿಂತ ನಾಲ್ಕು ಜನ ಏನೆನ್ನುತ್ತಾರೋ ಎಂದು ಹೆದರುವ ಜಾತಿ ನಮ್ಮದು. ಅಂದಿನಿಂದ ಹುಕುಂ ನಿಂತಿತು, ಕುರಿ ಬಂತು. ಕಣಿವೆ ದಾಟುವ ದಿನ ಕುರಿ ಕೊಯ್ಯುತ್ತಾರೆ. ನಾಯಕ ಬೆಂದ ತಲೆಯನ್ನು ತಟ್ಟೆಯಲ್ಲಿಟ್ಟು ಒಬ್ಬನ ಮುಂದೆ ಇಡುತ್ತಾನೆ, ಕುರಿಯ ಮೂತಿ ಅವನ ಕಡೆಗೆ. ಅವನು ಕೈಯೆತ್ತಿ ಎಲ್ಲರನ್ನೂ ಹರಸುತ್ತಾನೆ, ಕೊಯ್ದು ಹಂಚುತ್ತಾನೆ, ತಾನೂ ತಿನ್ನುತ್ತಾನೆ. ಊಟವಾದ ಮೇಲೆ ಎದ್ದು ಕೋಟು ಬಿಚ್ಚುತ್ತಾನೆ. ಕೊಂದ ಪಾಪ ತಿಂದು ಪರಿಹಾರ ಅನ್ನುತ್ತಾರಲ್ಲ, ನಮ್ಮಲ್ಲಿ ಕೊಲ್ಲುವ ಮೊದಲೇ ತಿಂದು ಮುಗಿಸುತ್ತಾರೆ.

ಆದರೆ ಪದ್ಧತಿ ಹಿಡಿದ ಮೇಲೆ ಪೂರ್ತಿ ಹಿಡಿಯಬೇಕಲ್ಲ! ಕುರಿ ಕೊಯ್ಸಿದ ಯಜಮಾನ ತಾನೇ ತಲೆ ತಿನ್ನುವಂತಿಲ್ಲ, ಹಾಗಾಗಿ ನಾಯಕ ಬಚಾವು. ಹೆಂಗಸಿನ ಮುಂದೆ ತಲೆ ಇಡುವುದಿಲ್ಲ, ನಾನು ಬಚಾವು. ಹೆಣ್ಣನ್ನು ಕೆಳಗೆ ಕೂರಿಸುವ ಪದ್ಧತಿಗೆ ಜೀವಮಾನದಲ್ಲಿ ನಾನು ಕೈಮುಗಿದಿದ್ದರೆ ಇದೊಂದಕ್ಕೇ. ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಪ್ಪ ಇರುವವನು ತಲೆ ಮುಟ್ಟುವುದಿಲ್ಲ. ಮುಟ್ಟಿದರೆ ಅಪ್ಪನ ಸಾವು ಬಯಸಿದ ಹಾಗೆ. ಹೀಗಾಗಿ ಪ್ರತಿ ಕಜಾನಿಗೂ ಅಪ್ಪ ಸತ್ತವನೊಬ್ಬನನ್ನು ರಾಜಧಾನಿಯವರು ಹುಡುಕಿ ಹುಡುಕಿ ಕಳಿಸುತ್ತಿದ್ದರು.

ಇದರಿಂದ ನಮ್ಮ ಊರುಗಳ ಮುದುಕರಿಗೆ ಬಂದ ಯೋಗ ನೋಡಬೇಕಿತ್ತು. ಮಗ ಸೈನ್ಯಕ್ಕೆ ಹೋದ ಮನೆಯಲ್ಲಿ ಅಪ್ಪನಿಗೆ ಹಾಲೇನು, ಬೆಣ್ಣೆಯೇನು, ಮೂರು ಕಂಬಳಿಯೇನು! ಅಪ್ಪ ಕೆಮ್ಮಿದರೆ ಊರೇ ಓಡಿಬರುತ್ತಿತ್ತು. ನಿನ್ನೆಯವರೆಗೆ ಮಾವನಿಗೆ ತಂಗಳು ಹಾಕಿದ ಸೊಸೆಯಂದಿರು ಕಾಲೊತ್ತಲು ಕೂತರು. ಒಂದು ಮನೆಯವರು ಮುದುಕ ಸತ್ತದ್ದನ್ನೇ ಮುಚ್ಚಿಟ್ಟು, ಹಾಸಿಗೆಯಲ್ಲಿ ದಿಂಬು ಮಲಗಿಸಿ, ಬಂದವರ ಎದುರು ಆ ದಿಂಬಿಗೆ ಚಹಾ ಕುಡಿಸುತ್ತಿದ್ದರು. ಸಿಕ್ಕಿಬಿದ್ದರು ಅನ್ನಿ. ಮಗ ಮುಂದಿನ ಕುರಿಗೇ ತಲೆಯಾದ.

ನಮ್ಮ ಕಜಾನಿನ ನಾಯಕ ಬುರ್ಕಿತ್. ಗಟ್ಟಿಯಾಗಿ ಮಾತಾಡಿದವನಲ್ಲ, ಒಬ್ಬರಿಗೂ ಬೈದವನಲ್ಲ. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ. ಬಂದೂಕಿನವರು ಮೆದೆತ್ ಮತ್ತು ಅವನ ತಮ್ಮ ಕೆಂಜೆ. ಅವರಪ್ಪ ಪಟ್ಟಣದ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದ. ಆ ಕೊಳವೆ ಕಳಚಬಾರದೆಂದು ಅಣ್ಣತಮ್ಮ ಇಬ್ಬರೂ ಐದು ಹೊತ್ತೂ ನಮಾಜು ಮಾಡುತ್ತಿದ್ದರು. ಮಾತಿನ ಪೆಟ್ಟಿಗೆಯವನು ಸಿರಿಮ್. ಇನ್ನೂ ಮೀಸೆ ಸರಿಯಾಗಿ ದಟ್ಟವಾಗದ, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗ. ಅವನಪ್ಪ ಎರ್ಮುಖಾನ್ ನಮ್ಮ ಠಾಣ್ಯದ ಕೆಳಗಿನ ಹುಲ್ಲುಗಾವಲಿನಲ್ಲಿಯೇ ಕುರಿ ಮೇಯಿಸಿಕೊಂಡಿದ್ದ. ಕೊಯ್ಯಲು ಕುರಿ ಬರುತ್ತಿದ್ದದ್ದೂ ಅವನ ಮಂದೆಯಿಂದಲೇ.

ಆ ಸಲ ನಮ್ಮಲ್ಲಿ ತಲೆ ಇರಲಿಲ್ಲ. ಹಿಂದಿನವನು ಕೊರಕಲಿಗೆ ಇಳಿದು ಹೋಗಿದ್ದ, ಹೊಸಬ ಬರುವ ದಾರಿ ಹಿಮದಲ್ಲಿ ಮುಚ್ಚಿತ್ತು. ಅಷ್ಟರಲ್ಲೇ ಮಾತಿನ ಪೆಟ್ಟಿಗೆ ಕೂಗಿತು: ಕಣಿವೆಯ ಆಚೆಯ ಕಲ್ಲುಮನೆಯನ್ನು ಕೂಡಲೇ ಹಿಡಿಯಿರಿ, ತಡ ಮಾಡಬೇಡಿ. ಬುರ್ಕಿತ್ ಬಟ್ಟಲು ಹಿಡಿದು ಚಹಾ ಗುಟುಕರಿಸುತ್ತಾ ಒಬ್ಬೊಬ್ಬರ ಮುಖ ನೋಡಿದ. ಅಣ್ಣತಮ್ಮನಲ್ಲಿ ಒಬ್ಬನನ್ನು ಕಳೆದುಕೊಂಡರೆ ಬಂದೂಕು ಎತ್ತುವವರಿಲ್ಲ. ಅವನ ಕಣ್ಣು ಸಿರಿಮ್‌ನ ಮೇಲೆ ನಿಂತಿತು.

"ಆಪಾ," ಅಂದ ನನ್ನ ಕಡೆ ತಿರುಗಿ, ಅಕ್ಕ ಅನ್ನುವ ಹಾಗೆ. "ನಿಮ್ಮಜ್ಜ ಹೇಗೆ ಹೇಳ್ತಿದ್ರು? ಅಪ್ಪ ಇರೋನು ತಲೆ ಮುಟ್ಟಬಾರದು ಅಂತಿದ್ರೋ, ಅಪ್ಪ ಎದುರಿಗಿರೋನು ಮುಟ್ಟಬಾರದು ಅಂತಿದ್ರೋ?"

"ನಮ್ಮಜ್ಜ ಚಹಾ ಕುಡಿಯೋವಾಗ ಬಾಯಿ ಮುಚ್ಕೊಂಡು ಕುಡೀರಿ ಅಂತಿದ್ದ."

"ಸಿಟ್ಟಾಗ್ಬೇಡಿ. ಸುಮ್ನೆ ಕೇಳ್ದೆ. ನಮ್ಮ ಕಡೆ ಎದುರಿಗಿದ್ರೆ ಮಾತ್ರ ಅಂತಿದ್ರಪ್ಪ. ಅಪ್ಪ ದಸ್ತರ್ಖಾನ್‌ನಲ್ಲಿ ಕೂತಿದ್ರೆ ಮಗ ಮುಟ್ಟಲ್ಲ, ಅದು ಮರ್ಯಾದೆ. ಅಪ್ಪ ಎಲ್ಲೋ ಕೆಳಗೆ ಕುರಿ ಕಾಯ್ತಿದ್ರೆ ಅದಕ್ಕೆ ಎಂಥ ಮರ್ಯಾದೆ?"

ಅಣ್ಣತಮ್ಮಂದಿರು ಎರಡು ಸಲ ತಲೆಯಾಡಿಸಿದರು. ಅವರ ಅಪ್ಪನೂ ಎದುರಿಗಿರಲಿಲ್ಲ, ಆದರೆ ಇವತ್ತಿಗೆ ಬೇರೆಯವನ ಹೆಸರು ಬಂದಿತ್ತಲ್ಲ, ಅಷ್ಟೇ ಸಾಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಿರಿಮ್ ಹೊರಗೆ ನನ್ನ ಬೆನ್ನ ಹಿಂದೆಯೇ ಬಂದ. "ಆಪಾ, ಅಗಾ ಯಾಕೆ ಹಾಗೆ ಕೇಳಿದ್ರು?" ನಾಯಕನನ್ನು ಅವನು ಅಣ್ಣ ಅನ್ನುವ ಹಾಗೆ ಅಗಾ ಅನ್ನುತ್ತಿದ್ದ.

"ಯಾಕೆ ಅಂತ ನಿಂಗೊತ್ತಿಲ್ವಾ?"

"ನಮ್ಮಪ್ಪ ಗುಂಡುಕಲ್ಲಿನ ಹಾಗಿದಾನೆ ಆಪಾ. ಮೊನ್ನೆ ಕುದುರೆ ಮೇಲಿಂದ ಬಿದ್ದು, ತಾನೇ ಎದ್ದು, ಕುದುರೆಗೇ ನಾಲ್ಕು ಬಿಟ್ಟ. ಅವನಿದಾನೆ! ಇರೋವಾಗ ನಂಗೆ ಹೇಗೆ ಇಡ್ತಾರೆ?" ಹುಡುಗನ ಗಲ್ಲ ನಡುಗುತ್ತಿತ್ತು. ಏನು ಹೇಳಲಿ? ಅಡುಗೆಯವಳ ಮಾತಿಗೆ ಸೊಂಟದ ಮೂಳೆ ತಿನ್ನುವವನು ಕೇಳುತ್ತಾನೆಯೇ?

ಕುರಿ ಬೇಕೆಂದು ಹೇಳಲು ಕೆಂಜೆ ಕೆಳಗೆ ಹೋದ. ಠಾಣ್ಯದವರು ಕುರಿ ಕೇಳಿದರೆ ಯಾರೋ ಒಬ್ಬನ ಗತಿ ಮುಗಿಯಿತು ಎಂದು ಹುಲ್ಲುಗಾವಲಿನ ನಾಯಿಗೂ ಗೊತ್ತು. ಅಪ್ಪ ಸತ್ತ ಹೊಸಬ ಬಂದಿಲ್ಲ ಎಂಬುದೂ ಗೊತ್ತು. ಬೆಳಿಗ್ಗೆ ನೋಡಿದರೆ ಕುರಿಯನ್ನು ತಡಿಗೆ ಅಡ್ಡ ಹಾಕಿಕೊಂಡು ಎರ್ಮುಖಾನ್ ತಾನೇ ಕುದುರೆ ಏರಿ ಬರುತ್ತಿದ್ದಾನೆ. ಹಬ್ಬದ ಉದ್ದ ನಿಲುವಂಗಿ ಚಪಾನ್ ತೊಟ್ಟಿದ್ದ, ಗಡ್ಡ ಬಾಚಿದ್ದ. ಹತ್ತಿರ ಬರುವ ಮೊದಲೇ ಬಾಯಿ ಶುರುವಾಗಿತ್ತು.

"ಏ ಬುರ್ಕಿತ್! ಕುರಿ ತಂದಿದೀನಿ ನೋಡು. ನಿನಗಿಂತ ಸಾಧು. ಇಳಿಸ್ಕೊ ಇದನ್ನ, ಆಮೇಲೆ ನನ್ನನ್ನೂ ಇಳಿಸ್ಕೊ, ಮಂಡಿ ಹಿಡ್ಕೊಂಡಿದೆ."

"ಎರೆಕೆ, ನೀವ್ಯಾಕೆ ತೊಂದ್ರೆ ತಗೊಂಡ್ರಿ?" ಬುರ್ಕಿತ್ ಓಡಿಹೋಗಿ ಅವನು ಕಾಲಿಟ್ಟಿದ್ದ ರಿಕಾಪು ಹಿಡಿದ. ಹಿರಿಯರ ಹೆಸರನ್ನು ಮೊಟಕು ಮಾಡಿ ಮರ್ಯಾದೆಯಿಂದ ಕರೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. "ಕುರಿ ಕೊಟ್ಟು ಹಾಗೇ ಹೊರಟ್ಬಿಡಿ. ಇಲ್ಲಿ ಕಾಗೆ ಕಾಟ ಜಾಸ್ತಿ."

"ಕುರಿ ನಂದು, ಮಗ ನನ್ನವನು, ಹಸಿವೂ ನಂದೇ. ಊಟ ಮಾಡ್ಕೊಂಡೇ ಹೋಗೋದು. ಏನೋ, ನಿನ್ನ ದಸ್ತರ್ಖಾನ್‌ನಲ್ಲಿ ಒಬ್ಬ ಮುದುಕ ಕೂರೋಷ್ಟು ಜಾಗ ಇಲ್ವೇನೋ?"

ಬಂದ ಅತಿಥಿಯನ್ನು ಇಲ್ಲ ಅನ್ನಲು ಯಾರಪ್ಪನಿಗೂ ಸಾಧ್ಯವಿಲ್ಲ. ಬುರ್ಕಿತ್ ಎದೆಗೆ ಕೈಯಿಟ್ಟು ಬಾಗಿದ. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಎದುರಿಗಿದ್ದರೆ ಮಾತ್ರ ಅಂದೆಯಲ್ಲೋ ನೀಚ, ತಗೋ, ಎದುರಿಗೇ ಬಂದು ಕೂತಿದ್ದಾನೆ, ಈಗ ಮಗನ ಮುಂದೆ ತಲೆ ಇಡು ನೋಡೋಣ! ಇಟ್ಟರೆ ಈ ಅಣ್ಣತಮ್ಮಂದಿರೇ ನಿನ್ನ ಮುಖಕ್ಕೆ ಉಗಿಯುತ್ತಾರೆ.

ನಾನು ಒಲೆಯ ಮುಂದೆ ಕುರಿತಲೆಯ ರೋಮ ಸುಡುತ್ತಾ ಕೂತಿದ್ದಾಗ ಮುದುಕ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ.

"ಕಿವಿ ಹಿಂದೆ ಸುಟ್ಟಿಲ್ಲ ಮಗಳೇ. ನಿಮ್ಮತ್ತೆ ಏನೂ ಕಲಿಸ್ಲಿಲ್ವಾ?"

"ನಮ್ಮತ್ತೆಗೆ ಬಾಯಿ ಬಿಟ್ರೆ ಬೇರೆ ಏನೂ ಇರಲಿಲ್ಲ, ನಿಮ್ಮ ಹಾಗೇ."

ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಪ್ರತಿ ಕುರಿಗೂ ಬರ್ತೀನಿ ಮಗಳೇ. ಕುರಿ ತರೋನೇ ನಾನಲ್ವಾ? ಬರ್ತೀನಿ, ನನ್ನ ಮಗನ ಮೇಲುಗಡೆ ಕೂರ್ತೀನಿ. ಅವನ ಮುಂದೆ ಹೇಗೆ ಇಡ್ತಾನೆ ನೋಡೇ ಬಿಡ್ತೀನಿ."

"ನೂರು ವರ್ಷ ಬದುಕಿ ಎರೆಕೆ."

"ಬದುಕ್ತೀನಿ. ಹಠಕ್ಕಾದ್ರೂ ಬದುಕ್ತೀನಿ."

ಮಧ್ಯಾಹ್ನ ಊಟಕ್ಕೆ ಕೂತೆವು. ಬಾಗಿಲಿಗೆ ಎದುರಾದ ಮೇಲಿನ ಜಾಗದಲ್ಲಿ ಎರ್ಮುಖಾನ್, ಅವನ ಕೆಳಗೆ ಸಿರಿಮ್, ಆಮೇಲೆ ಅಣ್ಣತಮ್ಮ, ಬಾಗಿಲ ಬಳಿ ನಾನು. ಸಿರಿಮ್‌ನ ಮುಖಕ್ಕೆ ರಕ್ತ ಬಂದಿತ್ತು. ಅಪ್ಪನ ಮಂಡಿಗೆ ತನ್ನ ಮಂಡಿ ತಾಗಿಸಿಕೊಂಡು ಕೂತಿದ್ದ. ಬುರ್ಕಿತ್ ತಾನೇ ಚೊಂಬು ಹಿಡಿದು ಎಲ್ಲರ ಕೈಗೆ ನೀರು ಹಾಕಿದ, ಮುದುಕನ ಕೈಗೆ ಎರಡು ಸಲ ಹಾಕಿದ. ಆಮೇಲೆ ಒಳಗೆ ಹೋಗಿ ತಲೆಯ ತಟ್ಟೆ ತಂದ. ಸಿರಿಮ್‌ನ ಮುಂದೆ ಒಂದು ಗಳಿಗೆ ನಿಂತ. ಬುರ್ಕಿತ್ ಒಂದು ಹೆಜ್ಜೆ ಮುಂದಿಟ್ಟು, ಮಂಡಿಯೂರಿ, ತಟ್ಟೆಯನ್ನು ಎರ್ಮುಖಾನ್‌ನ ಮುಂದೆ ಇಟ್ಟು, ಮೂತಿಯನ್ನು ಅವನ ಕಡೆ ತಿರುಗಿಸಿದ.

"ಎರೆಕೆ, ಹಿರಿಯರು ಮನೆಗೆ ಬಂದಿರೋವಾಗ ತಲೆ ಇನ್ಯಾರಿಗೆ ಇಡ್ಲಿ? ದಯಮಾಡಿ ತಗೊಳ್ಳಿ."

ಅಬ್ಬಾ! ನಾವು ಯಾರೂ ಇದನ್ನು ಎಣಿಸಿರಲೇ ಇಲ್ಲ. ಅತಿಥಿಗಳಲ್ಲಿ ಹಿರಿಯನಿಗೇ ತಲೆ ಎಂದು ಎದೆಹಾಲು ಕುಡಿಯುವ ಮಗುವಿಗೂ ಗೊತ್ತು, ನಮಗೆ ಹೊಳೆಯಲಿಲ್ಲ. ಮುದುಕನಿಗೂ ಹೊಳೆದಿರಲಿಲ್ಲ. ಅವನು ಆ ಕುರಿಯ ಮುಖವನ್ನೇ ನೋಡುತ್ತಾ ಕೂತ. ಅವನೇ ಸಾಕಿದ ಕುರಿ.

"ಅಪ್ಪಾ, ಮುಟ್ಬೇಡ," ಅಂದ ಸಿರಿಮ್. "ಅಪ್ಪಾ, ದಮ್ಮಯ್ಯ, ಮುಟ್ಬೇಡ. ಅವನು ಸೈನ್ಯದವನಲ್ಲ ಅಗಾ! ಕುರಿ ಕೊಡೋಕೆ ಬಂದೋನು!"

"ನಾನು ಯಾರಿಗೂ ಏನೂ ಹೇಳಿಲ್ವಲ್ಲಪ್ಪ," ಅಂದ ಬುರ್ಕಿತ್. "ಅತಿಥಿಗೆ ತಲೆ ಇಟ್ಟೆ. ಬೇಡ ಅಂದ್ರೆ ಎತ್ತಿ ಇನ್ನೊಬ್ಬರ ಮುಂದೆ ಇಡ್ತೀನಿ."

ಇನ್ನೊಬ್ಬರು ಯಾರು ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ತಲೆಯನ್ನು ದೂಡಿದ ಮುದುಕನಿಗೆ ಮತ್ತೆ ಯಾವ ಮರ್ಯಾದೆ, ಅವನು ಎದುರಿಗಿದ್ದರೇನು ಬಿಟ್ಟರೇನು?

ಎರ್ಮುಖಾನ್ ಮಗನ ಕಡೆ ತಿರುಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅಳುತ್ತಾನೆ ಎಂದುಕೊಂಡಿದ್ದೆ, ಅವನ ಕಣ್ಣು ಹೊಳೆಯುತ್ತಿತ್ತು. ಕಳೆದುಹೋದ ಕುರಿಮರಿ ಸಿಕ್ಕಿದವನ ಹಾಗೆ ಹಿಗ್ಗಿದ್ದ. ಮಗನ ಕೆನ್ನೆಗೆ ಮೆಲ್ಲಗೆ ಒಂದೇಟು ಕೊಟ್ಟ.

"ಜನರ ಎದುರಿಗೆ ಅಳ್ತಾರೇನೋ? ನಾಚಿಕೆಗೇಡಿ. ನಂಗೆ ತಲೆ ಬಂದಿದೆ, ತಿಂತೀನಿ. ಎಷ್ಟು ವರ್ಷ ಆಯ್ತು ನಂಗೊಬ್ರು ತಲೆ ಇಟ್ಟು!" ಎರಡೂ ಅಂಗೈ ಮುಖದ ಮುಂದೆ ತೆರೆದ. "ನಿಮ್ಮ ದಾರಿ ತೆರೀಲಿ. ಹೋದೋರು ತಿರುಗಿ ಮನೆಗೆ ಬರ್ಲಿ. ಅಪ್ಪಂದಿರು ಮಕ್ಕಳಿಗೆ ಮಣ್ಣು ಹಾಕೋ ದಿನ ಬರದೇ ಇರ್ಲಿ. ಆಮೀನ್."

ನಾವೆಲ್ಲ ಆಮೀನ್ ಅಂದೆವು. ಬುರ್ಕಿತ್‌ನ ಆಮೀನ್ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿತು. ಮುದುಕ ಚಾಕು ತಗೊಂಡು ಅಚ್ಚುಕಟ್ಟಾಗಿ ಕೆನ್ನೆಯ ಬಾಡು ಕೊಯ್ದು ಹಂಚಿದ. ಸಿರಿಮ್‌ಗೆ ನುಂಗಲಾಗದೆ ತುತ್ತು ಬಾಯಲ್ಲೇ ಉಳಿಯಿತು. ನಾನು ಬೆರಳು ನೆಕ್ಕುವ ನೆಪದಲ್ಲಿ ಕಣ್ಣೊರೆಸಿಕೊಂಡೆ. ಹೋಗಲಿ, ಮುದುಕ ಬಾಳಿ ಬದುಕಿದವನು, ಮಗನನ್ನು ಉಳಿಸಿಕೊಂಡ, ಇಂಥ ಸಾವು ಎಷ್ಟು ಅಪ್ಪಂದಿರಿಗೆ ಸಿಗುತ್ತದೆ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೊತ್ತು ಇಳಿಯುವ ಮೊದಲೇ ಹೊರಟೆವು. ಕಣಿವೆಯ ಬಾಯಲ್ಲಿ ದೊಡ್ಡ ಬಂಡೆಗಳಿವೆ; ಎಡಕ್ಕೆ ಕೊರಕಲು, ಬಲಕ್ಕೆ ಮೇಲೇರುವ ದಾರಿ. ಅಣ್ಣತಮ್ಮಂದಿರು ಸಿರಿಮ್‌ನನ್ನು ನಡುವೆ ಹಾಕಿಕೊಂಡು ಮುಂದಿನ ಬಂಡೆಯ ಮರೆಗೆ ಹೋದರು. ಹೋಗುವ ಮೊದಲು ಅಪ್ಪ ಅವನ ಕೋಟಿನ ಗುಂಡಿಗಳನ್ನೆಲ್ಲ ತಾನೇ ಹಾಕಿದ. "ಖುಷಿ ಕಣೋ ನಂಗೆ," ಅಂದ. "ಸುಮ್ನಿರು. ನನ್ನ ಕುದುರೆ ಬಿಚ್ಚಿಬಿಟ್ಟಿದೀನಿ, ಮನೆ ದಾರಿ ಅದಕ್ಕೆ ಗೊತ್ತು." ಹಿಂದಿನ ಬಂಡೆಯ ಅಡಿಯಲ್ಲಿ ನಾನೂ ಬುರ್ಕಿತ್‌ನೂ ತಣ್ಣನೆಯ ಕೋಟಿನೊಳಗೆ ಮುದುಡಿಕೊಂಡೆವು. ಕಾಗೆಗಳು ಆಗಲೇ ಮೇಲೆ ಸುತ್ತುತ್ತಿದ್ದವು.

ಎರ್ಮುಖಾನ್ ಚಪಾನ್ ಕಳಚಿ ಅಂಗಿಯಲ್ಲಿ ಕೊರಕಲಿನ ಕಡೆ ನಡೆದ. ಗುನುಗುತ್ತಾ ನಡೆದ. ಕೋಲೆತ್ತಿ ಕಾಗೆಗಳಿಗೆ ತೋರಿಸಿ, "ಬನ್ರೋ, ಬನ್ನಿ, ಬಡ್ಡೀಮಕ್ಳಾ, ಮುದಿ ಬಾಡು ಅಂತ ಮೂಗು ಮುರೀಬೇಡಿ!" ಅಂದ. ಕಾಗೆಗಳು ಕೆಳಗಿಳಿದವು, ಅವನ ನೆತ್ತಿಯ ಮೇಲೆ ಒಂದು ಸುತ್ತು ಹೊಡೆದವು, ಬಿಟ್ಟು ಮೇಲೆದ್ದವು. ಮತ್ತೊಮ್ಮೆ ಇಳಿದವು, ಮತ್ತೆ ಬಿಟ್ಟವು. ಅವುಗಳ ಪಾಲಿಗೆ ಅವನೊಂದು ಕುರಿ. ಅವನ ಎದೆಯಲ್ಲಿ ಹೆದರಿಕೆಯೇ ಇರಲಿಲ್ಲ! ಮಗ ಉಳಿದ ಎಂಬ ಸಂತೋಷದಲ್ಲಿ ಅದು ನಿಧಾನವಾಗಿ, ಮೇಯುವ ಪ್ರಾಣಿಯ ಎದೆಯ ಹಾಗೆ ಬಡಿಯುತ್ತಿತ್ತು. ಕಾಗೆಗಳು ತಿರುಗಿ ನಮ್ಮ ಬಂಡೆಗಳ ಕಡೆ ಬರತೊಡಗಿದವು. ಒಂದು ಹುಚ್ಚು ಆಸೆ ನನಗೆ ಬಂತು. ಇವತ್ತು ಯಾರೂ ಸಾಯಲಿಕ್ಕಿಲ್ಲ, ಮುದುಕ ಮನೆಗೆ ಹೋಗಬಹುದು, ನಾಳೆ ನೋಡಿಕೊಳ್ಳೋಣ.

"ಎರೆಕೆ!" ಎಂದು ಕರೆದ ಬುರ್ಕಿತ್. "ಒಂದು ಮಾತು ಮರ್ತಿದ್ದೆ. ಸ್ವಲ್ಪ ಇಲ್ಲಿ ಬನ್ನಿ."

ಮುದುಕ ಕುಂಟುತ್ತಾ ಬಂಡೆಯ ಹತ್ತಿರ ಬಂದ. "ಏನೋ? ಇವಕ್ಕೆ ನನ್ನ ಬಾಡು ಹಿಡಿಸ್ಲಿಲ್ಲ ನೋಡು."

"ನಾಳೆಯಿಂದ ಸಿರಿಮ್‌ಗೆ ಅಪ್ಪ ಇಲ್ಲ, ಎರೆಕೆ."

"ಹೂಂ, ಇಲ್ಲ. ಅದಕ್ಕೇನೀಗ?"

"ಅಪ್ಪ ಇಲ್ಲದೋನು ತಲೆ ತಿನ್ನಬಹುದು."

ಮುದುಕನ ನಗು ತಕ್ಷಣ ಹೋಗಲಿಲ್ಲ. ಮುಖದ ಮೇಲೆ ಹಾಗೇ ಇತ್ತು, ಅದರ ಕೆಳಗೆ ಉಳಿದದ್ದೆಲ್ಲ ಕುಸಿಯಿತು. ನನಗೂ ಆಗಲೇ ಅರ್ಥವಾಯಿತು. ಇಷ್ಟು ದಿನ ಆ ಹುಡುಗನ ಮೈಮೇಲೆ ಇದ್ದದ್ದು ಒಂದೇ ಒಂದು ರಕ್ಷೆ, ಈ ಮುದುಕನ ಉಸಿರು. ಅದನ್ನೇ ಅವನು ಮಗನಿಗಾಗಿ ಕೊಡಲು ಹೊರಟಿದ್ದ. ಬುರ್ಕಿತ್‌ಗೆ ಇದು ತಟ್ಟೆ ಇಡುವಾಗಲೇ ಗೊತ್ತಿತ್ತು. ಒಂದೇ ಕುರಿ ಕೊಯ್ದು ಇಬ್ಬರನ್ನು ಮುಗಿಸಿದ್ದ.

"ಮುಂದಿನ ಕುರಿಗಾ?" ಅಂದ ಎರ್ಮುಖಾನ್.

"ಮುಂದಿನ ಕುರಿಗೆ."

"ಬೇಡ. ನಾನು ಹೋಗಲ್ಲ. ನಾನು ಬದುಕ್ಬೇಕು. ಬುರ್ಕಿತ್, ನನ್ನಪ್ಪಾ, ನಿನ್ನ ಕಾಲು ಹಿಡೀತೀನಿ, ತಲೆ ವಾಪಸ್ ತಗೊ."

"ತಿಂದಾಯ್ತಲ್ಲ ಎರೆಕೆ," ಅಂದ ಬುರ್ಕಿತ್, ಮಗುವಿಗೆ ಹೇಳುವ ಹಾಗೆ.

ಮೇಲೆ ಕಾಗೆಗಳು ಎಲ್ಲವೂ ಒಟ್ಟಿಗೇ ತಿರುಗಿದವು. ಈಗ ಅವಕ್ಕೆ ಬೇಕಾದದ್ದು ಸಿಕ್ಕಿತ್ತು. ಮುದುಕ ತಲೆಯೆತ್ತಿ ನೋಡಿದ, ಮಗ ಅಡಗಿದ್ದ ಬಂಡೆಯನ್ನು ನೋಡಿದ. ಅವನು ಇಲ್ಲೇ ನಿಂತರೆ ಕಾಗೆಗಳು ಮಗನ ಮೇಲೂ ಬೀಳುತ್ತವೆ. ಆ ಹಿಡಿದುಕೊಂಡ ಮಂಡಿಯಲ್ಲಿ ಅವನು ಓಡಿದ. ಅಯ್ಯೋ, ಹೇಗೆ ಓಡಿದ! ಕೊರಕಲಿಗೆ ಬಿದ್ದು, ಎದ್ದು, ತೆವಳಿ, ಮತ್ತೆ ಓಡಿದ. ಓಡುತ್ತಾ ಹಿಂದೆ ತಿರುಗಿ ಕೂಗಿದ. "ಓಡೋ ಸಿರಿಮ್! ಓಡಿಹೋಗೋ! ಓಡು!"

ಕಾಗೆಗಳು ಇಳಿದವು. ಆ ಸದ್ದಿನ ನಡುವೆಯೇ ನಾವು ದಾಟಿದೆವು. ಬುರ್ಕಿತ್‌ನನ್ನು ಹಿಂದಿನಿಂದ ಬಂಡೆಗೆ ಅಪ್ಪಳಿಸಿ ಕೊಲ್ಲಬೇಕೆಂದು ನನ್ನ ಕೈ ತುರಿಸುತ್ತಿತ್ತು. ಕೊಂದರೆ ರಾಜಧಾನಿಯವರು ಇನ್ನೊಂದು ಸೊಂಟದ ಮೂಳೆಯನ್ನು ಕಳಿಸುತ್ತಾರೆ, ಅಷ್ಟೇ.

ಆಚೆಯ ಕಲ್ಲುಮನೆ ಖಾಲಿಯಿತ್ತು. ಅದನ್ನು ಹಿಡಿಯಲು ಒಂದು ಗುಂಡೂ ಬೇಕಾಗಲಿಲ್ಲ. ಸಿರಿಮ್ ಗೋಡೆಗೊರಗಿ ಕೂತು ಬಹಳ ಹೊತ್ತು ಅತ್ತ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಕೇಳಿಸ್ತಾ ಆಪಾ?" ಅಂದ. "ಸಾಯೋವಾಗ್ಲೂ ಅಪ್ಪ ನಮ್ಮದೇ ಯೋಚನೆ ಮಾಡ್ತಿದ್ದ. ಬೇಗ ಕಣಿವೆ ದಾಟಿ ಅಂತ ಕೂಗ್ದ. ಅದಕ್ಕೇ ನಾನು ಹಾಗೆ ಓಡ್ದೆ."

ಅಪ್ಪ ಓಡಿಹೋಗು ಎಂದದ್ದು ಕಣಿವೆಯ ಆಚೆಗಲ್ಲ, ಈ ಕಜಾನಿನಿಂದ. ಹೇಳೋಣವೆಂದು ಬಾಯಿ ತೆರೆದೆ. ಬಾಗಿಲಲ್ಲಿ ಬುರ್ಕಿತ್ ಕೂತಿದ್ದ, ಬಂದೂಕು ತೊಡೆಯ ಮೇಲೆ. ಹೊರಗೆ ಕಾಗೆಗಳ ಬಯಲು. ಓಡುವುದಾದರೂ ಎಲ್ಲಿಗೆ? ನಾನು ಅವನ ತಲೆ ಸವರಿದೆ.

ಮಾರನೆಯ ದಿನ ನಾವು ಚಹಾ ಕುಡಿಯುತ್ತಿದ್ದಾಗ ಮಾತಿನ ಪೆಟ್ಟಿಗೆ ಕೂಗಿತು. ಸಿರಿಮ್ ಅದನ್ನು ಕಿವಿಗೆ ಹಚ್ಚಿಕೊಂಡು ಕೇಳಿದ.

"ಅಗಾ, ದಾರಿ ತೆರೆದಿದೆ ಅಂತೆ. ಉತ್ತರದ ಕಡೆ ಅಪ್ಪ ಇಲ್ಲದೋನು ಒಬ್ಬ ಸಿಕ್ಕಿದಾನಂತೆ. ಕಳಿಸ್ಬೇಕಾ ಅಂತ ಕೇಳ್ತಿದಾರೆ." ಅವನು ಪೆಟ್ಟಿಗೆಯನ್ನು ಕಿವಿಯಿಂದ ಇಳಿಸಿದ. "ಒಂದೇ ಒಂದು ದಿನ ಮುಂಚೆ ತೆರೆದಿದ್ರೆ…"

"ಬೇಡ ಅನ್ನು," ಅಂದ ಬುರ್ಕಿತ್.

"ಬೇಡ್ವಾ? ನಮ್ಮಲ್ಲಿ ತಲೆ ಇಲ್ವಲ್ಲ ಅಗಾ."

"ಇದಾನೆ ಅನ್ನು. ಹೊಸಬ ಹೇಗಿರ್ತಾನೋ ಏನೋ, ನಡುವೆ ಓಡಿಹೋದ್ರೆ ಕಷ್ಟ. ಗೊತ್ತಿರೋನು, ಮರ್ಯಾದಸ್ಥರ ಮನೆಯೋನು ಆದ್ರೆ ಒಳ್ಳೇದು. ಬದಲಿಗೆ ಪೆಟ್ಟಿಗೆ ಹೊರೋಕೆ ಒಬ್ಬನ್ನ ಕಳಿಸಿ ಅನ್ನು. ಅಪ್ಪ ಇರೋನನ್ನ."

ಸಿರಿಮ್ ಅವನನ್ನು ನೋಡಿದ. ಅಣ್ಣತಮ್ಮಂದಿರನ್ನು ನೋಡಿದ, ಅವರು ಬಟ್ಟಲೊಳಗೆ ಮುಖ ಹುದುಗಿಸಿದ್ದರು. ಆಮೇಲೆ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ, ಅಷ್ಟೂ ಮಾಡದಿದ್ದರೆ ನಾನು ಯಾತಕ್ಕೆ? ನಿನ್ನೆ ಅವನಪ್ಪ ಬಂಡೆಯ ಪಕ್ಕ ನಿಂತಿದ್ದನಲ್ಲ, ಅದೇ ಮುಖ. ಪೆಟ್ಟಿಗೆ ಮತ್ತೆ ಕೂಗಿತು.

"ಹೆಸರು ಕೇಳ್ತಿದಾರೆ ಅಗಾ."

"ಹೇಳಪ್ಪ."

ಅವನು ಗುಂಡಿ ಒತ್ತಿದ. ತನ್ನ ಹೆಸರು ಹೇಳಿದ, ನಿಧಾನವಾಗಿ, ಆ ಕಡೆಯವರಿಗೆ ತಪ್ಪಾಗಿ ಕೇಳಿಸಬಾರದೆಂದು ಎರಡು ಸಲ ಹೇಳಿದ. ಪೆಟ್ಟಿಗೆಯೊಳಗಿನ ದನಿ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೇಳಿತು.

"ತಂದೆ?"

"ಇಲ್ಲ," ಅಂದ ಸಿರಿಮ್.